ಪದ್ದುವಿನ ಬಾಣಂತನ

ನೆನಪು ಅನ್ನುವುದು ಕೋಳಿ ಕೆದಕಿದ ಅಂಗಳ. ಯಾವ ಕಾಳು ಎಲ್ಲಿತ್ತು ಎಂದು ಖಚಿತವಾಗಿ ಹೇಳುವವರನ್ನು ನಾನು ನಂಬುವುದಿಲ್ಲ, ನನ್ನನ್ನೂ ಸೇರಿಸಿ. ಹಿಲ್ಸ್‌ಬರೋ ಎಂಬ ಈ ಪರದೇಶದ ಊರಿನ ನಮ್ಮ ಹಿತ್ತಲಿಗೆ ಕೋಳಿಗಳು ಬಂದದ್ದು ಹೇಗೆಂದು ಯಾರಾದರೂ ಕೇಳಿದರೆ ನಾನು ಪ್ರತಿ ಸಲವೂ ಬೇರೆ ಕಥೆ ಹೇಳುತ್ತೇನೆ ಎಂಬುದು ಹೆಂಡತಿ ಶುಭಾಳ ದೂರು. ಹುಲ್ಲಿನೊಳಗಿನ ಉಣ್ಣಿಗಳನ್ನು ಕೋಳಿ ಹೆಕ್ಕಿ ತಿನ್ನುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದು ನಿಜ. ಮಗಳು ಅನು ನಾಯಿ ಬೇಕೆಂದು ಅತ್ತದ್ದೂ ನಿಜ. ಯಾವುದು ಮೊದಲು ಎಂದು ಆಣೆಯಿಟ್ಟು ಹೇಳಲಾರೆ. ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು. ದುಡ್ಡು ಕೊಟ್ಟು ಕೋಳಿಯನ್ನು ಮನೆಗೆ ತಂದವರಲ್ಲಿ ನಾನೇ ಮೊದಲಿಗ.

ಹಾಗಾದರೆ ಮೊಟ್ಟೆ? ಅವೆಲ್ಲ ಬೇಲಿಯಾಚೆಯ ಫ್ರ್ಯಾಂಕ್‌ಗೆ. ಆತ ನಿವೃತ್ತ ಪ್ಲಂಬರ್. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿಲ್ಲ ಎಂದು ಶುಭಾ ಒಮ್ಮೆ ಅವನಿಗೆ ತಿಳಿಸಿದ್ದಳು. ಅಂದಿನಿಂದ ಮೊಟ್ಟೆಯ ರಟ್ಟಿನ ಡಬ್ಬಿ ಒಂದೊಂದು ಗುಳಿಯಲ್ಲೂ ಒಂದೊಂದು ಟೊಮೇಟೊ ಕೂರಿಸಿಕೊಂಡು ವಾಪಸು ಬರುತ್ತಿತ್ತು. ಆ ಟೊಮೇಟೊದ ಸಾರು ಕುಡಿಯುವಾಗಲೆಲ್ಲ ನಾನು ಕೋಳಿಗಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಇನ್ನೂ ಒಂದು ಋಣವಿದೆ. ಕತ್ತಲಾಗುವ ಮೊದಲು ಗೂಡಿನ ಬಾಗಿಲು ಹಾಕದಿದ್ದರೆ ನರಿ ಬರುತ್ತದೆ. ಯಾವ ಮ್ಯಾನೇಜರೂ ಯಾವ ಹೆಂಡತಿಯೂ ಕಲಿಸಲಾಗದ್ದನ್ನು, ಅಂದರೆ ಹೊತ್ತಿಗೆ ಸರಿಯಾಗಿ ಮನೆಗೆ ಬರುವುದನ್ನು, ನನಗೆ ಕಲಿಸಿದ್ದು ನರಿಯ ಭಯ. ಹಗಲೆಲ್ಲ ಒಂದರ ಪುಕ್ಕ ಒಂದು ಕಿತ್ತ ಕೋಳಿಗಳು ಸಂಜೆ ಒಂದೇ ಕೋಲಿನ ಮೇಲೆ ಮೈಗೆ ಮೈ ಒತ್ತಿಕೊಂಡು ಕೂರುವುದನ್ನು ನೋಡಿದ ಮೇಲೆ ನಮ್ಮ ಮನೆಯ ಜಗಳಗಳೂ ಊಟದ ಹೊತ್ತಿಗೆ ಮುಗಿಯತೊಡಗಿದವು. ಶುಭಾ ಇದನ್ನು ಒಪ್ಪುವುದಿಲ್ಲ.

ಕೋಳಿಗಳಲ್ಲಿ ಕಂದು ಬಣ್ಣದ ಪದ್ದು ಹಿರಿಯಳು. ಒಂದು ಮೇ ತಿಂಗಳಲ್ಲಿ ಅವಳು ಕಾವಿಗೆ ಕೂತಳು. ಹಿತ್ತಲಲ್ಲಿ ಹುಂಜವಿಲ್ಲ, ಮೊಟ್ಟೆಗಳೋ ಫ್ರ್ಯಾಂಕ್‌ನ ಬಾಣಲೆ ಸೇರಿವೆ. ಆದರೂ ಬರಿಯ ಹುಲ್ಲಿನ ಮೇಲೆ ಕೂತೇ ಇದ್ದಳು. ಹತ್ತಿರ ಹೋದರೆ ಕುಕ್ಕುವಳು, ಕಾಳಿಲ್ಲ, ನೀರಿಲ್ಲ. ತಂತಿಯ ಪಂಜರದಲ್ಲಿ ಕೆಲವು ದಿನ ಇಟ್ಟರೆ ಹಟ ಇಳಿಯುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಓದಿ ಹಾಗೇ ಮಾಡಿದೆ. ಬಿಟ್ಟೊಡನೆ ನೇರವಾಗಿ ಗೂಡಿಗೆ ಓಡಿದಳು. ಎತ್ತಿಕೊಂಡರೆ ಕೈಯಲ್ಲಿ ಹತ್ತಿಯ ಹಾಗೆ ಹಗುರ. "ಅಪ್ಪಾ, ಶೀ ಈಸ್ ಗೋಯಿಂಗ್ ಟು ಡೈ," ಎಂದಳು ಅನು. ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಗದರಿದೆ.

ಅದೇ ವಾರ ಮೈಸೂರಿನಿಂದ ಅತ್ತೆ ಬಂದಿಳಿದರು. ಅನು ಹುಟ್ಟಿದಾಗ ಶುಭಾಳ ಬಾಣಂತನಕ್ಕೆಂದು ಬಂದು, ಗಾಳಿ ತಾಗೀತೆಂದು ಒಂದು ಕಿಟಕಿಯನ್ನೂ ತೆರೆಯಗೊಡದೆ ಇಡೀ ಮನೆಗೆ ಬೆಳ್ಳುಳ್ಳಿಯ ಹೊಗೆ ಹಾಕಿಸಿದವರು. ಪಂಜರ ನೋಡಿದರು, ಪದ್ದುವನ್ನು ನೋಡಿದರು. "ಅದಕ್ಕೆ ಬೇಕಾಗಿರೋದು ಮರಿ ಕಣ್ರೀ, ಜೈಲಲ್ಲ," ಎಂದರು. ಮರಿ ತಂದು ಗೂಡಿನಲ್ಲಿಡುವ ಉಪಾಯ ನನ್ನದೇ ಎಂದು ನಾನು ಬಹುಕಾಲ ಹೇಳಿಕೊಂಡು ಬಂದಿದ್ದೇನೆ. ಅಲ್ಲ, ಇರಲಿ.

ದನ-ಕೋಳಿಗಳ ಮೇವು ಮಾರುವ ದಾಣಿಯಂಗಡಿಯಿಂದ ಒಂದೆರಡು ದಿನದ ಮರಿಗಳನ್ನು ತಂದೆವು. ಪರಕೀಯ ಮರಿಗಳನ್ನು ತಾಯಿ ಕುಕ್ಕಿ ಕೊಲ್ಲುವುದೂ ಉಂಟು ಎಂದು ಅಂಗಡಿಯವಳು ಎಚ್ಚರಿಸಿದ್ದಳು. ಸಂಜೆ ಮಬ್ಬಿನಲ್ಲಿ ಗೂಡಿನ ಮುಂದೆ ನಾನು ಹಿಂದೆ ಸರಿದೆ. ಅತ್ತೆ ಮರಿಗಳನ್ನು ಇಸಿದುಕೊಂಡರು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಆ ಹೆಂಗಸು ಮೊಣಕೈವರೆಗೆ ಪದ್ದುವಿನ ಹೊಟ್ಟೆಯಡಿಗೆ ಕೈ ತೂರಿಸಿ ಒಂದೊಂದೇ ಮರಿ ಬಿಟ್ಟರು. ಪದ್ದು ಕುಕ್ಕಿದಳು, ಅತ್ತೆಯ ಬಳೆಗೆ. ಅನು ನನ್ನ ಅಂಗಿ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಪದ್ದುವಿನ ಗಂಟಲೊಳಗಿಂದ ನಾವು ಹಿಂದೆಂದೂ ಕೇಳಿರದ ಒಂದು ಮೆಲುದನಿ ಹೊರಟಿತು, ರೆಕ್ಕೆ ಅಗಲವಾಯಿತು.

ಮರುದಿನದಿಂದ ಬಾಣಂತನ. ಓಮ ಬೆರೆಸಿದ ನುಚ್ಚು, ನೆನೆಸಿದ ಗೋಧಿ, ಉಗುರುಬೆಚ್ಚಗಿನ ನೀರು. ಬೆಳ್ಳುಳ್ಳಿಯ ಹೊಗೆಯನ್ನು ಮಾತ್ರ ನಾನು ಅಡ್ಡಬಿದ್ದು ತಡೆದೆ. "ನೀವ್ ಸುಮ್ನಿರಿ. ಶುಭಾನೂ ಹಿಂಗೇ ಹಟ ಮಾಡಿದ್ಲು, ತಿನ್ನಿಸ್ಲಿಲ್ವಾ?" ಎಂದರು ಅತ್ತೆ. "ಅಮ್ಮಾ, ನನ್ನನ್ನ ಕೋಳಿ ಜೊತೆ ಕಂಪೇರ್ ಮಾಡ್ಬೇಡ," ಎಂದು ಕಿಟಕಿಯಿಂದ ದನಿ ಬಂತು. ಪದ್ದು ತಿಂದಳು, ಮೈತುಂಬಿಕೊಂಡಳು, ಮರಿಗಳ ಹಿಂಡು ಕಟ್ಟಿಕೊಂಡು ಫ್ರ್ಯಾಂಕ್‌ನ ಟೊಮೇಟೊ ಪಾತಿಯನ್ನೆಲ್ಲ ಕೆದಕಿದಳು. ಆ ಬೇಸಿಗೆಯಲ್ಲಿ ಡಬ್ಬಿ ತುಂಬಿ ಬಂದದ್ದು ಬರೀ ಮೆಣಸಿನಕಾಯಿ.

ಕಳೆದ ಆಗಸ್ಟಿನಲ್ಲಿ ಅನು ಕಾಲೇಜಿಗೆ ಹೋದಳು. ಅವಳ ಕೋಣೆಯಲ್ಲಿ ವೈಫೈ ಚೆನ್ನಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಲ್ಯಾಪ್‌ಟಾಪನ್ನು ಅಲ್ಲಿಗೆ ಸಾಗಿಸಿ ಅವಳ ಹಾಸಿಗೆಯ ಮೇಲೆ ಕೂತು ಕೆಲಸ ಮಾಡತೊಡಗಿದೆ. ವೈಫೈ ಮನೆತುಂಬ ಒಂದೇ ಥರ ಬರುತ್ತದೆ ಎಂದು ಶುಭಾ ಹೇಳಿ ನೋಡಿದಳು. ಊಟಕ್ಕೆ ಕರೆದರೆ ಸಿಡುಕಿದೆನಂತೆ, ನನಗೆ ನೆನಪಿಲ್ಲ. ಒಂದು ಭಾನುವಾರ ಕೆಳಗಿನಿಂದ ಮೈಸೂರಿನ ವಿಡಿಯೋ ಕರೆ ಕೇಳಿಸಿತು. ಶುಭಾ ಏನು ದೂರಿದಳೋ, ಅತ್ತೆಯ ಉತ್ತರವಂತೂ ಮಹಡಿಗೆ ಸ್ಪಷ್ಟವಾಗಿ ಮುಟ್ಟಿತು: "ಅವ್ರಿಗೆ ಮರಿ ತಂದಿಡಕ್ಕಾಗುತ್ತೇನೇ? ಬಿಸಿಬಿಸಿ ಏನಾದ್ರೂ ಮಾಡಿ ಬಾಗ್ಲಲ್ಲಿಡು, ಎದ್ದು ಬರ್ತಾರೆ."

ಒಗ್ಗರಣೆ ಅವಲಕ್ಕಿಯ ವಾಸನೆ ಬಂತು. ಎದ್ದು ಹೋದೆ.