ಎಂಟರಲ್ಲಿ ಎಂಟನೇ ಕಾರು

ಬೇರೆಯವರು ಒಂದು ಸಾಮಾನು ತಗೊಂಡ್ರೆ ಮನೆಗೆ ತಂದಿಟ್ಟಲ್ಲಿಗೆ ಕಥೆ ಮುಗಿಯುತ್ತೆ. ನಾನು ತಗೊಂಡ್ರೆ ಅಲ್ಲಿಂದ ಶುರುವಾಗುತ್ತೆ. ವಯಸ್ಸು ಐವತ್ತು ದಾಟಿದೆ, ಈ ಕಾಟ ಇನ್ನೂ ನಿಂತಿಲ್ಲ. ಆದ್ರೆ ಸಾರಕ್ಕಿಯ ಬಾಡಿಗೆ ರೂಮಲ್ಲಿದ್ದಾಗ ಆದಷ್ಟು ಮತ್ತೆಲ್ಲೂ ಆಗಿಲ್ಲ.

೧. ಅಂಕಲ್

ತಿಲಕ್ ನಗರದಲ್ಲೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಶನಿವಾರ ಆಫೀಸ್ ಮುಗಿಸ್ಕೊಂಡು ಸೀದಾ ಅಲ್ಲಿಗೆ ಹೋಗ್ತಿದ್ದೆ. ನನಗೆ ಇಪ್ಪತ್ತೇಳು ವರ್ಷ, ಮಿಕ್ಕವರೆಲ್ಲ ಸ್ಕೂಲ್ ಯೂನಿಫಾರಂ. ಕಾರ್ ರೇಸಲ್ಲಿ ಎಂಟು ಕಾರು ಓಡ್ತಿದ್ವು. ನಂದು ಯಾವಾಗ್ಲೂ ಎಂಟನೇದು.

ಒಂದು ಸಲ ಹಿಂದೆ ನಿಂತಿದ್ದ ಹುಡುಗ ತಡೀಲಾರದೆ ಹೇಳೇಬಿಟ್ಟ. "ಅಂಕಲ್, ನೀವು ಉಲ್ಟಾ ಹೋಗ್ತಿದೀರ."

"ಗೊತ್ತು ಕಣೋ," ಅಂದೆ. "ಹಿಂಗಾದ್ರೂ ಮೊದಲನೇ ಕಾರಿನ ಮುಖ ನೋಡ್ಬಹುದಲ್ಲ."

ಅವತ್ತೇ ತೀರ್ಮಾನ ಮಾಡಿದೆ. ಸ್ವಂತದ್ದೊಂದು ಕಂಪ್ಯೂಟರ್ ತಗೋಬೇಕು, ಯಾರೂ ನೋಡದ ಹಾಗೆ ಅಭ್ಯಾಸ ಮಾಡ್ಬೇಕು, ಒಂದೇ ಒಂದು ಸಲ ಫಸ್ಟ್ ಬರ್ಬೇಕು.

೨. ಟವೆಲ್

ಹೊಸದು ನಮ್ಮ ಸಂಬಳಕ್ಕೆ ಆಗೋ ಮಾತಲ್ಲ. ಸೆಕೆಂಡ್ ಹ್ಯಾಂಡ್ ಹುಡುಕ್ತಾ ಹೊರಟೆ. ವಸಂತಪುರದಲ್ಲಿ ಒಬ್ರು ತೋರಿಸಿದ ಡಬ್ಬದೊಳಗೆ ಜಿರಲೆ ಸಂಸಾರವೇ ಇತ್ತು. "ಅವು ಏನೂ ಮಾಡಲ್ಲ ಸಾರ್," ಅಂದ್ರು. "ನಾವೆಲ್ಲ ಅಡ್ಜಸ್ಟ್ ಆಗಿದೀವಿ."

ನಾನು ಹಿಂಗೆ ಅಲೆಯೋದು ನೋಡಿ ನಮ್ಮ ಮನೆ ಓನರ್‌ಗೆ ಕನಿಕರ ಬಂತು. ಮೊದಲು ಬೇಸಾಯ ಮಾಡ್ತಿದ್ದವರು, ಹೊಲ ಇದ್ದ ಜಾಗದಲ್ಲೇ ಈಗ ಬಾಡಿಗೆ ಮನೆ ಕಟ್ಟಿಸಿದ್ರು. "ನಿನ್ನ ಮುಖ ನೋಡಿದ್ರೇ ಟೋಪಿ ಹಾಕ್ತಾರೆ ಕಣಪ್ಪ. ನಾನ್ ಬರ್ತೀನಿ. ಇಪ್ಪತ್ತು ವರ್ಷ ಸಂತೇಲಿ ಎತ್ತು ಕೊಂಡೋನು ನಾನು," ಅಂದ್ರು.

ಜಯನಗರದ ಒಬ್ಬ ರಿಟೈರ್ಡ್ ಆಫೀಸರ್ ಮನೆಗೆ ಹೋದ್ವಿ. ಓನರ್ ಕಂಪ್ಯೂಟರನ್ನ ಒಂದು ಸುತ್ತು ಹಾಕಿ, ಬೆನ್ನು ತಟ್ಟಿ, ಕೇಳಿದ್ರು. "ವಯಸ್ಸೆಷ್ಟು? ಕರೆಂಟ್ ಎಷ್ಟು ತಿನ್ನುತ್ತೆ? ಹಾಯೋದು ಗೀಯೋದು ಏನಿಲ್ವಾ?"

ಆಫೀಸರ್ "ಹತ್ತು ಸಾವಿರ" ಅಂದ್ರು. ಓನರ್ ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈ ಮೇಲೆ ಹಾಸಿ, ಒಳಗೆ ಕೈ ತೂರಿಸಿ ಬೆರಳು ಹಿಡ್ಕೊಂಡ್ರು. ದನದ ವ್ಯಾಪಾರದಲ್ಲಿ ಹಂಗೇ ಅಂತೆ, ಸುತ್ತ ನಿಂತವರಿಗೆ ರೇಟು ಗೊತ್ತಾಗಬಾರದು ಅಂತ. ಒಂದು ಬೆರಳಿಗೆ ಒಂದು ಸಾವಿರ. ಆ ರೂಮಲ್ಲಿ ಇದ್ದವರು ನಾವು ಮೂರೇ ಜನ.

ಆಫೀಸರ್ ಗಾಬರಿಯಾಗಿ, "ಬಿಪಿ ಎಲ್ಲ ನಾರ್ಮಲ್ ಇದೆ ನಂದು," ಅಂದ್ರು. ಓನರ್ ಐದೂ ಬೆರಳು ಸೇರಿಸಿ ಒತ್ತಿದ್ರು. ಏನು ಮಾಡ್ಬೇಕೋ ತಿಳೀದೆ ಆಫೀಸರೂ ಮರ್ಯಾದೆಗೆ ವಾಪಸ್ ಒತ್ತಿದ್ರು.

"ಐದಕ್ಕೆ ಒಪ್ಕೊಂಡ್ರು, ಎತ್ಕೋ," ಅಂದ್ರು ಓನರ್.

"ಯಾರು ಒಪ್ಕೊಂಡಿದ್ದು?" ಅಂತ ಆಫೀಸರ್ ನನ್ನ ಕೇಳಿದ್ರು.

೩. ಮೋಟರ್

ನಮ್ಮ ಬಿಲ್ಡಿಂಗಲ್ಲಿ ಸಂಪಿಂದ ಮೇಲಿನ ಟ್ಯಾಂಕಿಗೆ ನೀರೆತ್ತೋ ಒಂದು ಮೋಟರ್ ಇತ್ತು. ಅದು ಆನ್ ಆದ ಕ್ಷಣ ಇಡೀ ಮನೆ ಲೈಟು ಒಂದ್ಸಲ ಕಣ್ಣು ಮಿಟುಕಿಸೋದು, ನನ್ನ ಕಂಪ್ಯೂಟರ್ ಆಫ್ ಆಗಿ ಮತ್ತೆ ಮೊದಲಿಂದ ಶುರುವಾಗೋದು. ನಾನು ಏಳನೇ ಕಾರಾಗೋ ಹೊತ್ತಿಗೆ ಸರಿಯಾಗಿ ಓನರಮ್ಮ ಸ್ವಿಚ್ ಹಾಕ್ತಿದ್ರು.

ಓನರ್ ಹತ್ರ ಹೋಗಿ ಹೇಳ್ಕೊಂಡೆ. "ಜನಕ್ಕೆ ನೀರು ಮುಖ್ಯಾನೋ, ನಿನ್ನ ಆಟ ಮುಖ್ಯಾನೋ?" ಅಂತ ಬೈದು, ಅದೇನು ಆಟ ಅಂತ ನೋಡೋಕೆ ಬಂದು ಕೂತ್ರು.

ಮೊದಲ ದಿನ ಎತ್ತಿನ ಗಾಡಿ ಸ್ಪೀಡಲ್ಲಿ ಎಡಗಡೇಲೇ ಓಡಿಸಿದ್ರು. "ಹಾರನ್ ಎಲ್ಲಿದೆ?" ಅಂದ್ರು. ಇಲ್ಲ ಅಂದೆ. "ಹಾರನ್ ಇಲ್ದೆ ಹೆಂಗಪ್ಪ ರೋಡಿಗೆ ಬಿಟ್ರು ಇದನ್ನ?" ಮಾರನೇ ದಿನ ನಾನು ಏಳೋ ಮುಂಚೇನೇ ಬಾಗಿಲು ತಟ್ಟಿದ್ರು. ನಾಲ್ಕು ತಿಂಗಳಲ್ಲಿ ಮೂರನೇ ಕಾರಾದ್ರು. ನಾನು ಅವರ ಹಿಂದೆ, ಐದನೇದು.

ಜನಕ್ಕೆ ನೀರು ಮುಖ್ಯ ಅಂದಿದ್ದ ಮನುಷ್ಯ ಈಗ ಆಟಕ್ಕೆ ಕೂರೋ ಮುಂಚೆ ಮೋಟರಿನ ಫ್ಯೂಸ್ ಕಿತ್ತು ಅಂಗಿ ಜೇಬಿಗೆ ಹಾಕ್ಕೊಂಡು ಬರೋಕೆ ಶುರು ಮಾಡಿದ್ರು.

೪. ಕೊನೇ ಸುತ್ತು

ಒಂದು ಭಾನುವಾರ ಬೆಳಗ್ಗೆ ನಾನು ಓಡಿಸ್ತಿದ್ದೆ, ಓನರ್ ಪಕ್ಕದಲ್ಲಿ ಕೂತಿದ್ರು. ಏನಾಯ್ತೋ ಏನೋ, ಮೂರನೇದಾದೆ, ಎರಡನೇದಾದೆ. ಕೊನೇ ಸುತ್ತಲ್ಲಿ ನನ್ನ ಮುಂದೆ ಒಂದು ಕಾರೂ ಇಲ್ಲ. ಖಾಲಿ ರೋಡು. ನಾನು ಅಂಥ ರೋಡು ನೋಡಿದ್ದೇ ಮೊದಲು.

ಅಷ್ಟರಲ್ಲಿ ಬಾಗಿಲಲ್ಲಿ ಮೇಲಿನ ಮನೆಯವರು ನಿಂತಿದ್ರು. ಸೊಂಟಕ್ಕೆ ಟವೆಲ್, ತಲೆ ತುಂಬ ಸೋಪು, ಒಂದು ಕಣ್ಣು ಮುಚ್ಚಿತ್ತು. "ಓನರ್ರೇ, ನೀರು ನಿಂತೋಯ್ತು."

"ಎರಡು ನಿಮಿಷ ಸಾರ್, ಉಜ್ಕೋತಾ ಇರಿ," ಅಂದ್ರು ಓನರ್.

ಅವರ ಹಿಂದೇನೇ ಓನರಮ್ಮ ಬಂದ್ರು. "ಮೋಟರ್ ಫ್ಯೂಸ್ ಯಾರ ಹತ್ರ ಇದೆ?"

ನಾನು ಸ್ಕ್ರೀನಿಂದ ಕಣ್ಣು ತೆಗೀಲಿಲ್ಲ. ಓನರ್ ಜೇಬಿನ ಮೇಲೆ ಕೈ ಇಟ್ಕೊಂಡು, "ಹುಡುಗ ಮೊದಲನೇ ಸಲ ಮುಂದೆ ಇದಾನೆ ಕಣೆ," ಅಂದ್ರು.

ಓನರಮ್ಮ ಸುಮ್ನೆ ಹೊರಗೆ ಮೀಟರ್ ಬೋರ್ಡ್ ಹತ್ರ ಹೋಗಿ, ನನ್ನ ರೂಮಿನ ಫ್ಯೂಸ್ ಕಿತ್ತು ಮೋಟರಿಗೆ ಹಾಕಿದ್ರು.

ಸ್ಕ್ರೀನ್ ಕಪ್ಪಾಯ್ತು. ಫ್ಯಾನ್ ನಿಧಾನಕ್ಕೆ ನಿಂತೋಯ್ತು, ಹೊರಗೆ ಮೋಟರ್ ಗುಂಯ್ ಅಂತು. ಸೋಪಿನವರು ಮೆಟ್ಟಿಲು ಹತ್ತಿ ಓಡಿದ್ರು. ಓನರಮ್ಮ ವಾಪಸ್ ಬಂದು ಇಬ್ಬರನ್ನೂ ನೋಡಿ ಅಂದ್ರು. "ನಾಲ್ಕು ತಿಂಗಳಿಂದ ಕಾರ್ ಓಡಿಸ್ತಿದೀರ. ಒಂದು ದಿನಾನಾದ್ರೂ ಮಾರ್ಕೆಟಿಂದ ಒಂದು ಕಟ್ಟು ಸೊಪ್ಪು ತಂದಿದೀರಾ?"

ಅವರು ಹೋದ್ರು. ಆಮೇಲೆ ಓನರ್ ಬಾಗಿಲ ಕಡೆ ಒಂದ್ಸಲ ನೋಡಿ, ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿದ್ರು. ಒಳಗೆ ಕೈ ತೂರಿಸಿ, ಒಂದೇ ಒಂದು ಬೆರಳು ಹಿಡಿದು ಗಟ್ಟಿಯಾಗಿ ಒತ್ತಿದ್ರು. ಈ ಸಲ ಸಾವಿರ ಅಲ್ಲ, ಫಸ್ಟ್.

ನಾನೂ ವಾಪಸ್ ಒತ್ತಿದೆ. ಒಪ್ಕೊಂಡ ಹಾಗೆ.