ಮಲೇರಿಯಾ ಹುಡುಕುವವರಿಗೆ ಪಾಠ ಹೇಳಿದ್ದು

ರಕ್ತದ ಹನಿಯಲ್ಲಿ ಮಲೇರಿಯಾ ಹುಡುಕುವ ಲ್ಯಾಬ್ ಟೆಕ್ನಿಶಿಯನ್‌ಗಳಿಗೆ ಪಾಠ ಹೇಳುವುದು, ಆಮೇಲೆ ಪರೀಕ್ಷೆ ಮಾಡುವುದು: ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಇದು ನನ್ನ ನೌಕರಿ. ಇಂಥ ಗಂಭೀರ ಕೆಲಸದಲ್ಲಿ ನಗು ಎಲ್ಲಿಂದ ಬರುತ್ತದೆ ಅನ್ನಬೇಡಿ. ಹಾವೇರಿ ಜಿಲ್ಲೆಯಲ್ಲಿ ನಾನು ನಗದೆ ಮನೆಗೆ ಬಂದ ದಿನ ಕಡಿಮೆ.

ರಾಣೇಬೆನ್ನೂರಿನ ನೊಣ

ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ ಒಣಗಲು ಬಿಡಿ ಎಂದಿದ್ದೆ. ಹಿರಿಯ ಟೆಕ್ನಿಶಿಯನ್ ಒಬ್ಬರು ಅದನ್ನು ಕಿಟಕಿಯಲ್ಲಿಟ್ಟು ಚಹಾ ಕುಡಿಯಲು ಹೋದರು. ಬರುವಷ್ಟರಲ್ಲಿ ನೊಣಗಳು ರಕ್ತವನ್ನೆಲ್ಲ ನೆಕ್ಕಿ ಹೋಗಿದ್ದವು. ಅವರು ತಲೆ ಕೆಡಿಸಿಕೊಳ್ಳದೆ ಅದಕ್ಕೇ ಬಣ್ಣ ಹಾಕಿ, ನೋಡಿ, ‘ನೆಗೆಟಿವ್’ ಎಂದು ಬರೆದರು.

“ಇದರಾಗ ರಕ್ತಾನ ಇಲ್ಲಲ್ರೀ!” ಅಂದೆ.

“ರಕ್ತಾನ ಇಲ್ಲಂದ ಮ್ಯಾಲೆ ಮಲೇರಿಯಾ ಎಲ್ಲಿಂದ ಬರಬೇಕ್ರಿ ಸರ್? ನಾ ಬರದದ್ದು ಖರೇನ ಐತಲ್ಲ!”

ಬ್ಯಾಡಗಿಯ ಸಾಹುಕಾರರು

ಜ್ವರವೆಂದು ಬಂದ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಬೆರಳು ಚುಚ್ಚಿ ನೋಡಿದೆವು. ಮಲೇರಿಯಾ ಇರಲಿಲ್ಲ. ಆದರೆ ತಮ್ಮ ರಕ್ತ ತಾವೇ ನೋಡಬೇಕೆಂದು ಅವರ ಹಟ. ತೋರಿಸಿದೆವು. ಬಣ್ಣದ ನೀರಲ್ಲಿ ಅದ್ದಿದ ರಕ್ತ ಸೂಕ್ಷ್ಮದರ್ಶಕದಲ್ಲಿ ತಿಳಿ ನೇರಳೆಯಾಗಿ ಕಾಣುತ್ತದೆ. ಸಾಹುಕಾರರ ಮುಖ ಗಂಟಿಕ್ಕಿತು.

“ಇದು ನಂದಲ್ರಿ.”

“ನಿಮ್ದ ಐತ್ರಿ. ಈಗ ತಗದದ್ದು.”

“ನಲವತ್ತು ವರ್ಷ ಕೆಂಪು ಬಣ್ಣಾ ನೋಡೇ ದುಡದೇನಿ. ಇಂಥಾ ಮಾಲು ಬ್ಯಾಡಗಿದಲ್ಲ, ಹೊರಗಿಂದು!”

ಹಾವೇರಿಯ ಪರೀಕ್ಷೆ

ಹನ್ನೆರಡು ಮಂದಿಗೆ ಪರೀಕ್ಷೆ. ರೋಗವಿಲ್ಲದ ಸ್ಲೈಡೂ ಒಂದಿರಲಿ ಎಂದು ಬೆಳಿಗ್ಗೆ ನನ್ನದೇ ಬೆರಳು ಚುಚ್ಚಿ ಮಾಡಿಟ್ಟಿದ್ದೆ. ನನ್ನ ರಕ್ತ, ಅದರಲ್ಲಿ ನೋಡುವುದೇನು ಎಂದು ನೋಡಲೂ ಇಲ್ಲ. ಎರಡು ದಿನದಿಂದ ಮೈಕೈ ನೋವಿತ್ತು. ಬಸ್ಸಿನ ಕುಲುಕಾಟ ಅಂದುಕೊಂಡಿದ್ದೆ.

ಆ ಸ್ಲೈಡಿಗೆ ಹನ್ನೊಂದು ಮಂದಿ ‘ನೆಗೆಟಿವ್’ ಎಂದು ಬರೆದರು. ಮೇಡ್ಲೇರಿ ಕಡೆಯಿಂದ ಬಂದಿದ್ದ, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದ ಹುಡುಗಿ ಮಾತ್ರ ‘ಪಾಸಿಟಿವ್’ ಎಂದಿದ್ದಳು. ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ ಎಲ್ಲರೆದುರು ಉಪದೇಶ ಮಾಡಿದೆ: “ಗಡಿಬಿಡಿ ಮಾಡಬಾರದು ತಂಗಿ. ಇಲ್ಲದ್ದನ್ನ ಐತಿ ಅಂದ್ರ ಯಾವನೋ ಒಬ್ಬಾಂವ ಸುಮ್ಮನ ಗುಳಿಗಿ ನುಂಗಬೇಕಾಕ್ಕೈತಿ.”

ಅವಳ ಕಣ್ಣು ತುಂಬಿದವು. ಆದರೂ ಜಗ್ಗಲಿಲ್ಲ. “ನೂರು ಕಡೆ ಸರಿಸಿ ಸರಿಸಿ ನೋಡೇನ್ರಿ ಸರ್. ಎರಡು ಕಡೆ ಐತಿ. ನೀವೂ ಒಮ್ಮೆ ನೋಡ್ರಿ.”

ನೋಡಿದೆ. ಉಂಗುರದಂಥ ಮಲೇರಿಯಾ ಪರಾವಲಂಬಿ ಹಾಯಾಗಿ ಕೂತಿತ್ತು. ನನಗೆ ಅಲ್ಲೇ ಚಳಿ ಹಿಡಿಯಿತು.

“ಈ ರಕ್ತ... ನಂದು ತಂಗಿ,” ಅಂದೆ.

ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಅವಳು ಕಣ್ಣೊರೆಸಿಕೊಂಡು ಗುಳಿಗೆ ತಂದು ನನ್ನ ಕೈಯಲ್ಲಿಟ್ಟು, ಆ ಹನ್ನೊಂದು ಮಂದಿಯೆದುರು ಹೇಳಿದಳು: “ಒಂದೂ ತಪ್ಪಿಸಬ್ಯಾಡ್ರಿ ಸರ್. ಮುಗದ ಮ್ಯಾಲೆ ನಿಮಗೂ ಪರೀಕ್ಷಾ ಐತಿ. ಪೆನ್ನು ಬ್ಯಾಡ, ಬೆರಳಷ್ಟ ತಗೊಂಡು ಬರ್ರಿ.”