ಸದ್ದಿಲ್ಲದ ಫಿಲ್ಟರು

ನಮ್ಮ ಮನೆಯಲ್ಲಿ ಆರು ಮೀನುಗಳಿವೆ. ಆ ಆರನ್ನೂ ನನ್ನ ಹೆಂಡತಿ ದಿನಕ್ಕೆ ಎರಡು ಹೊತ್ತು ಮಾತಾಡಿಸುತ್ತಾಳೆ. ಮನೆಯ ಏಳನೆಯ ಪ್ರಾಣಿಯಾದ ನನ್ನನ್ನು ಏಳು ತಿಂಗಳು ಮಾತಾಡಿಸಿರಲಿಲ್ಲ. (ಸರಿಯಾಗಿ ಹೇಳಬೇಕೆಂದರೆ ಏಳು ತಿಂಗಳು ಹನ್ನೊಂದು ದಿನ. ಅಂದಾಜಿನ ಮಾತು ನನಗೆ ಆಗಿಬರುವುದಿಲ್ಲ.)

ಈ 'ಆಗಿಬರುವುದಿಲ್ಲ' ಎಂಬುದೇ ಎಲ್ಲಕ್ಕೂ ಮೂಲ. ನಾನು ಅಚ್ಚುಕೂಟಕ್ಕೆ ಕರಡು ತಿದ್ದುವವನು. ಮೂವತ್ತೊಂದು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಅನ್ನ ತಿಂದಿದ್ದೇನೆ. ಔಷಧಿ ಚೀಟಿ, ಬಸ್ಸಿನ ಟಿಕೆಟ್ಟು, ಅಂಗಡಿ ಬೋರ್ಡು, ಏನು ಸಿಕ್ಕಿದರೂ ತಿದ್ದುತ್ತೇನೆ. ಬಾಯಿಮಾತಾದರೆ ಇನ್ನೂ ಸಲೀಸು, ಕೆಂಪು ಪೆನ್ನು ಹುಡುಕುವ ತೊಂದರೆಯಿಲ್ಲ. ಹೆಂಡತಿ "ಹೋದ ಸೋಮವಾರ" ಎಂದು ಶುರು ಮಾಡಿದರೆ ನಾನು "ಮಂಗಳವಾರ" ಎಂದು ಸೇರಿಸುತ್ತಿದ್ದೆ. ಅವಳು ಮುಖ ಊದಿಸಿಕೊಳ್ಳುತ್ತಿದ್ದಳು, ಸಂಜೆಯೊಳಗೆ ಸರಿಹೋಗುತ್ತಿದ್ದಳು. ಅವೆಲ್ಲ ಅಲ್ಪವಿರಾಮಗಳು.

ಪೂರ್ಣವಿರಾಮ ಬಿದ್ದದ್ದು ನಮ್ಮ ಅತ್ತೆ ತೀರಿಕೊಂಡ ವಾರ. ಮಾತಾಡಿಸಲು ಬಂದ ನೆಂಟರ ನಡುವೆ ಕೂತು ಇವಳು ತನ್ನ ತಾಯಿಯ ಕೊನೆ ಗಳಿಗೆಯನ್ನು ಹೇಳುತ್ತಿದ್ದಳು. "ನನ್ನ ಕೈ ಹಿಡ್ಕೊಂಡಿದ್ರು. ನೀರು ಬೇಕಾಮ್ಮ ಅಂದೆ. ಬೇಡ ಅಂತ ತಲೆ ಆಡಿಸಿದ್ರು. ಆಗ ನಾಲ್ಕೂ ಹತ್ತು..."

"ನಾಲ್ಕೂ ಇಪ್ಪತ್ತು" ಎಂದೆ ನಾನು, ಮೂಲೆಯ ಕುರ್ಚಿಯಿಂದ.

ನಾಲ್ಕೂ ಇಪ್ಪತ್ತೇ ಆಗಿತ್ತು, ಗಡಿಯಾರ ನೋಡಿದವನು ನಾನು. ಇವಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದು ಅಡುಗೆಮನೆಗೆ ಹೋದಳು. ಆ ವಾಕ್ಯ ಇವತ್ತಿಗೂ ಪೂರ್ತಿಯಾಗಿಲ್ಲ. ಸರಿಯಾದ ಸಮಯ ಹೇಳುವುದು ಅಪರಾಧವೇ ಎಂದು ನಾನು ನೆಂಟರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದೆ. ಎಲ್ಲರೂ ತಂತಮ್ಮ ಲೋಟದೊಳಗೆ ನೋಡಿಕೊಂಡರು.

ಮೊದಮೊದಲು ಚೀಟಿ ವ್ಯವಹಾರವಾದರೂ ಇತ್ತು. ಫ್ರಿಜ್ಜಿನ ಬಾಗಿಲಿಗೆ "ಸಕ್ಕರೆ ಕಾಲಿ" ಎಂದು ಬರೆದು ಅಂಟಿಸಿದ್ದಳು. ನನ್ನ ಕೈ ಸುಮ್ಮನಿರಬೇಕಲ್ಲ. 'ಕಾ'ಗೆ ಸುತ್ತು ಹಾಕಿ ಪಕ್ಕದಲ್ಲಿ 'ಖಾ' ಎಂದು ಬರೆದೆ, ಅಭ್ಯಾಸಬಲ. ಅಂದಿನಿಂದ ಚೀಟಿಯೂ ನಿಂತಿತು. ಈಗ ಸಕ್ಕರೆ ಮುಗಿದರೆ ಖಾಲಿ ಡಬ್ಬವೇ ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಡಬ್ಬದಲ್ಲಿ ತಿದ್ದುವುದಕ್ಕೆ ಏನೂ ಇರುವುದಿಲ್ಲ.

ಅಮ್ಮನಿಗೆ ಜೊತೆಯಾಗಲಿ ಎಂದು ಮಗಳು ಅರವತ್ತು ಲೀಟರಿನ ಗಾಜಿನ ತೊಟ್ಟಿಯನ್ನೂ ಆರು ಮೀನುಗಳನ್ನೂ ತಂದಿಟ್ಟು ಹೋದಳು. (ಅಪ್ಪನಿಗೆ ಜೊತೆ ಬೇಕೇ ಎಂದು ಕೇಳಿದವರಿಲ್ಲ.) ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇವಳು ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂರುತ್ತಾಳೆ. ಆಗ ನಡೆಯುವ ಮತ್ಸ್ಯಸಭೆಯಲ್ಲಿ ಅವಳ ಕೊರಳು ಏರಿ ಇಳಿದು ಎಷ್ಟು ಚೆನ್ನಾಗಿರುತ್ತದೆಂದರೆ, ಪಕ್ಕದ ಕೋಣೆಯಲ್ಲಿ ಕರಡು ಹರಡಿಕೊಂಡು ಕೂತ ನನಗೆ ಹೊಟ್ಟೆ ಉರಿಯುತ್ತದೆ. ಮೀನಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸು ಇನ್ನೊಬ್ಬನಿದ್ದರೆ ನನಗೆ ತಿಳಿಸಿ.

ಕಷ್ಟವೆಂದರೆ ಏನು ಹೇಳುತ್ತಾಳೆಂದು ಕೇಳಿಸುವುದಿಲ್ಲ. ತೊಟ್ಟಿಯೊಳಗೆ ಸ್ಪಂಜಿನ ಫಿಲ್ಟರು, ಹೊರಗೆ ಅದಕ್ಕೆ ಗಾಳಿ ಊದುವ ಪಂಪು. ಒಂದು ಬುಳಬುಳ, ಇನ್ನೊಂದು ಗುರ್ರ್. ನಡುವೆ ತುಂಡು ತುಂಡು ಮಾತು: "ಬುಳಬುಳ... ಇವರು... ಗುರ್ರ್... ಯಾವಾಗ್ಲೂ ಹೀಗೇ... ಬುಳಬುಳ." 'ಇವರು' ಅಂದರೆ ನಾನು. ಹೆಂಡತಿಯ ಬಾಯಲ್ಲಿ 'ಇವರು' ಇನ್ನಾರು? ಬೈಯುತ್ತಿದ್ದಾಳೋ, ಮನಸ್ಸು ಕರಗುತ್ತಿದೆಯೋ? ಪದಗಳು ಬಿಟ್ಟುಹೋದ ಕರಡನ್ನು ತಿಂಗಳುಗಟ್ಟಲೆ ಓದಿ ನೋಡಿ, ನನ್ನ ಸಂಕಟ ಗೊತ್ತಾಗುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಅವಳು ಇನ್ನೊಮ್ಮೆ ನನ್ನೊಡನೆ ಮಾತಾಡಬೇಕು. ಅದಕ್ಕೆ ಮೊದಲು ಅವಳ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಬೇಕು.

ಎರಡು ವಾರ ಮೀನಮೇಷ ಎಣಿಸಿದೆ. (ನಮ್ಮ ಮನೆಯಲ್ಲಿ ಎಣಿಸುವುದು ಸುಲಭ. ಮೀನ ಆರು, ಮೇಷ ಒಂದೇ.) ಕೊನೆಗೆ ಮೀನಿನಂಗಡಿಗೆ ಹೋದೆ.

"ಎಂಥ ಫಿಲ್ಟರ್ ಬೇಕು ಸಾರ್?" ಎಂದರು ಅಂಗಡಿಯವರು.

"ಸದ್ದು ಮಾಡದೆ ಇರೋದು."

"ಈಗಿರೋದು ಸ್ಪಂಜಿಂದಾ? ಆರು ಮೀನಿಗೆ ಅದೇ ಧಾರಾಳ ಆಯ್ತು. ನೀರು ಮಬ್ಬಾಗಿದ್ಯಾ?"

"ನೀರು ಚೆನ್ನಾಗೇ ಇದೆ. ಕೇಳಿಸಲ್ಲ."

"ಯಾರಿಗೆ, ಮೀನಿಗಾ?"

"ನನಗೆ."

ಅವರು ನನ್ನ ಎರಡೂ ಕಿವಿಗಳನ್ನು ನೋಡಿದರು. "ಕಿವಿ ಡಾಕ್ಟ್ರು ಎದುರು ಬಿಲ್ಡಿಂಗಲ್ಲಿ ಇದ್ದಾರೆ ಸಾರ್" ಎಂದರು, ಬಹಳ ಮರ್ಯಾದೆಯಿಂದ.

ವ್ಯಾಪಾರ ಬೇಡವೇ ಎಂದು ಗದರಿದ ಮೇಲೆ ಒಂದೊಂದಾಗಿ ತೋರಿಸಿದರು. ತೊಟ್ಟಿಯ ಅಂಚಿಗೆ ನೇತುಹಾಕುವುದು ಒಂದು, ಅದರಿಂದ ನೀರು ಜಲಪಾತದಂತೆ ಬೀಳುತ್ತದೆ. ನೀರಿನೊಳಗೇ ಮುಳುಗಿರುವುದು ಇನ್ನೊಂದು, ಅದು ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಮೂರನೆಯದು ಡಬ್ಬದಂಥದ್ದು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುತ್ತದೆ, ಒಂದು ಕೊಳವೆಯಲ್ಲಿ ನೀರು ಎಳೆದು, ಸೋಸಿ, ಇನ್ನೊಂದರಲ್ಲಿ ವಾಪಸ್ಸು ಕಳಿಸುತ್ತದೆ. "ಇದು ಓಡ್ತಿದ್ಯೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು ಸಾರ್, ಅಷ್ಟು ಮೌನ" ಎಂದರು. ಮೌನ ನನ್ನ ಮನೆಯಲ್ಲೇ ಬೇಕಾದಷ್ಟಿತ್ತು. ಆದರೂ ಅದನ್ನೇ ಕೊಂಡೆ.

"ಎರಡು ವಾರಕ್ಕೊಂದ್ಸಲ ತೊಳೀರಿ" ಎಂದರು. "ನಲ್ಲಿ ನೀರಲ್ಲಿ ಬೇಡ. ಟ್ಯಾಂಕಿನ ನೀರನ್ನೇ ಬಕೆಟ್ಟಿಗೆ ತೆಕ್ಕೊಂಡು, ಅದರಲ್ಲಿ ಸ್ಪಂಜು ಹಿಂಡಿ. ತೀರಾ ಬೆಳ್ಳಗೆ ಮಾಡೋಕೆ ಹೋಗ್ಬೇಡಿ. ನೀರನ್ನ ಶುದ್ಧ ಮಾಡೋ ಜೀವಾಣು ಆ ಕೊಳೇಲೇ ಇರ್ತವೆ. ಪೂರ್ತಿ ತೊಳೆದುಬಿಟ್ರೆ ಮೀನೇ ಉಳಿಯಲ್ಲ."

ಕೊಳೆಯನ್ನು ಸ್ವಲ್ಪ ಉಳಿಸಬೇಕು ಎಂಬ ಈ ಸಿದ್ಧಾಂತ ನನ್ನ ವೃತ್ತಿಧರ್ಮಕ್ಕೇ ವಿರುದ್ಧ. ಯಾರಾದರೂ ಇದನ್ನು ನನ್ನ ಮದುವೆಯ ದಿನವೇ ಹೇಳಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಫಿಲ್ಟರಿನ ಜೊತೆ ಬಂದ ಕೈಪಿಡಿಯಲ್ಲಿ ಹದಿನೇಳು ಅಚ್ಚಿನ ತಪ್ಪುಗಳಿದ್ದವು. "ಕೊಳವೆಯೊಳಗೆ ಮೀನು ಹೋಗದಂತೆ ಎಚ್ಚರ ವಹಿಸಿ" ಎಂದಿರಬೇಕಾದ ಕಡೆ "ಮಾನ ಹೋಗದಂತೆ ಎಚ್ಚರ ವಹಿಸಿ" ಎಂದಿತ್ತು. ಕೆಂಪು ಪೆನ್ನಿನಿಂದ ತಿದ್ದಿ ಮುಂದಕ್ಕೆ ಹೋದೆ. ಆ ಒಂದನ್ನು ತಿದ್ದಬಾರದಿತ್ತು.

ಹಳೆಯ ಸ್ಪಂಜನ್ನು ಜೀವಾಣು ಸಮೇತ ಹೊಸ ಡಬ್ಬದೊಳಗೆ ಸೇರಿಸಿ, ಕೊಳವೆಗಳನ್ನು ಜೋಡಿಸಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರಕ್ಕೊಂದು ಶನಿವಾರಕ್ಕೆ ಸುತ್ತು ಹಾಕಿ "ಫಿಲ್ಟರ್ ಶುದ್ಧಿ" ಎಂದು ಬರೆದೆ. "ನೀರು ಚೊಕ್ಕಟವಾಗಿರಬೇಕಲ್ಲ, ಅದಕ್ಕೆ" ಎಂದು ಗೋಡೆಗೆ ಹೇಳಿದೆ. ಇವಳು ಕಪಾಟಿನ ಬಾಗಿಲು ತೆರೆದು ನೋಡಿದಳು, ಡಬ್ಬವನ್ನು ಮುಟ್ಟಿದಳು, ನನ್ನ ಕೋಣೆಯ ಅರೆತೆರೆದ ಬಾಗಿಲ ಕಡೆ ಒಮ್ಮೆ ನೋಡಿದಳು. ಹೊಸ ಸಾಮಾನು ಹಿಡಿಸಿತೆಂದು ನಾನು ಹಿಗ್ಗಿದೆ.

ಮಾರನೆಯ ಬೆಳಿಗ್ಗೆ ಒಂದೊಂದು ಅಕ್ಷರವೂ ಸ್ಫುಟವಾಗಿ ಕೇಳಿಸಿತು.

"ಇವರು ಯಾವಾಗ್ಲೂ ಹೀಗೇ, ಎಲ್ಲರ ಪಾಲೂ ಇವರಿಗೇ ಬೇಕು. ನೋಡಿ ಹೊಟ್ಟೆ ಹೇಗಾಗಿದೆ."

'ಇವರು' ಅಂದರೆ ಕೇಸರಿ ಬಣ್ಣದ ದಪ್ಪ ಮೀನು. ಇಪ್ಪತ್ತೆಂಟು ವರ್ಷ ನಾನು ಅನುಭವಿಸಿದ ಸರ್ವನಾಮ ಅದಕ್ಕೆ ಹೋಗಿತ್ತು. ಇನ್ನೇನು, ನನ್ನ ಸರದಿ ಬಂದೇ ಬರುತ್ತದೆ ಎಂದು ಕಾದೆ. ಹಿಂದೆಲ್ಲ ಯಾರ ಹತ್ತಿರ ಮಾತಾಡಿದರೂ "ನಮ್ಮನೆಯವರು ಹಾಗಂದ್ರು, ನಮ್ಮನೆಯವರು ಹೀಗಂದ್ರು" ಎನ್ನುತ್ತಿದ್ದವಳು. ದೂರಿದರೂ ಸರಿ, ಒಮ್ಮೆ 'ನಮ್ಮನೆಯವರು' ಎಂದರೆ ಸಾಕಾಗಿತ್ತು. ಮಹಡಿ ಮನೆಯವಳ ಹೊಸ ಚಪ್ಪಲಿಯ ವಿಷಯ ಬಂತು. ತನ್ನ ಮಂಡಿನೋವು, ಸೋರುವ ನಲ್ಲಿ, ಮಗಳ ಕೆಮ್ಮು ಬಂದವು. ತಾಯಿಯ ವಿಷಯವೂ ಬಂತು, ಆಗ ಅವಳ ದನಿ ಸಣ್ಣಗಾಯಿತು. ಹದಿಮೂರು ದಿನ, ಇಪ್ಪತ್ತಾರು ಸಭೆ. ನನ್ನ ಹೆಸರಿಲ್ಲ, ಬೈಗುಳವಿಲ್ಲ, ಹಾಳಾಗಿಹೋಗಲಿ ಎಂಬ ಶಾಪವೂ ಇಲ್ಲ. ಅವಳ ಮಾತಿನಿಂದ ನನ್ನನ್ನು ಹೊಡೆದುಹಾಕಿಬಿಟ್ಟಿದ್ದಳು. ಬೈಸಿಕೊಳ್ಳುವುದಕ್ಕಿಂತ ಅದು ಹೆಚ್ಚು ನೋಯಿಸಿತು.

ಬುಧವಾರ ಸಂಜೆ ಅವಳು ಹೇಳಿದಳು: "ಹೆದರ್ಕೋಬೇಡ್ರಪ್ಪ. ಶುಕ್ರವಾರ ಫಿಲ್ಟರ್‌ನವರು ಬರ್ತಾರೆ. ಒಳಗೆ ಕೈ ಹಾಕ್ತಾರೆ, ಒಂದರ್ಧ ಗಂಟೆ, ಅಷ್ಟೇ."

ಯಾರಪ್ಪ ಈ ಫಿಲ್ಟರ್‌ನವರು, ನನಗೆ ಗೊತ್ತಿಲ್ಲದೆ ಅಂಗಡಿಯಿಂದ ಯಾರನ್ನು ಕರೆಸುತ್ತಿದ್ದಾಳೆ ಎಂದು ಸಿಟ್ಟು ಬಂತು. ಅರ್ಧ ನಿಮಿಷ ಕಳೆದ ಮೇಲೆ ಹೊಳೆಯಿತು. ಪೇಪರಿನವರು, ಗ್ಯಾಸಿನವರು, ಕೇಬಲ್ಲಿನವರು ಇದ್ದ ಹಾಗೆ ಫಿಲ್ಟರ್‌ನವರು. ಅದು ನಾನು.

ಆದರೂ, ನೋಡಿ, ಸಂತೋಷವಾಯಿತು. ಏನೋ ಒಂದು ಆದೆನಲ್ಲ. ಶುಕ್ರವಾರ ಎಂಬುದು ತಪ್ಪಾಗಿತ್ತು, ಕ್ಯಾಲೆಂಡರಿನಲ್ಲಿ ಶನಿವಾರಕ್ಕೆ ದಪ್ಪಕ್ಷರದಲ್ಲಿ ಬರೆದಿದೆ. 'ಶ' ನನ್ನ ನಾಲಿಗೆ ತುದಿಗೆ ಬಂತು. ನುಂಗಿದೆ. ಜನ್ಮದಲ್ಲಿ ಮೊದಲ ಸಲ ಒಂದು ತಪ್ಪನ್ನು ಕಣ್ಣಾರೆ ಕಂಡು (ಕಿವಿಯಾರೆ ಕೇಳಿ) ಹಾಗೇ ಬಿಟ್ಟೆ. ಅವಳು ಶುಕ್ರವಾರ ಎಂದರೆ ಶುಕ್ರವಾರವೇ ಸರಿ. ಇದಕ್ಕಿಂತ ದೊಡ್ಡ ತ್ಯಾಗ ಒಬ್ಬ ಕರಡು ತಿದ್ದುವವನಿಂದ ಯಾರೂ ನಿರೀಕ್ಷಿಸಬಾರದು.

ಶುಕ್ರವಾರ ಬೆಳಿಗ್ಗೆ ಫಿಲ್ಟರಿನ ಸ್ವಿಚ್ಚು ಆರಿಸಿ, ಬಕೆಟ್ಟಿಗೆ ತೊಟ್ಟಿಯ ನೀರು ತುಂಬಿ, ಮಂಡಿಯೂರಿ ಸ್ಪಂಜು ಹಿಂಡುತ್ತಿದ್ದೆ. ಹಿಂದೆ ಬಂದು ನಿಂತಳು.

"ಇವತ್ತು ಯಾವ ವಾರ?"

ಏಳು ತಿಂಗಳ ಮೇಲೆ ಮೊದಲ ಮಾತು. ನನ್ನ ಕೈಯಿಂದ ಸ್ಪಂಜು ಜಾರಿತು. "ಶುಕ್ರವಾರ" ಎಂದೆ.

"ಕ್ಯಾಲೆಂಡರಲ್ಲಿ ಯಾವತ್ತಿಗೆ ಬರೆದಿದೀರಿ?"

"ಶನಿವಾರ."

"ಶುಕ್ರವಾರ ಅಂತ ನಾನು ಹೇಳಿದ್ದು ಮೀನುಗಳಿಗೆ. ನಿಮಗೆ ಯಾವ ಮೀನು ಬಂದು ಹೇಳ್ತು?"

ಬಕೆಟ್ಟಿನ ನೀರಿನಲ್ಲಿ ನನ್ನ ಮುಖ ಕಾಣಿಸುತ್ತಿತ್ತು, ಕೊಳೆಯ ನಡುವೆ. "ತಪ್ಪು ಅಂತ ಗೊತ್ತಿತ್ತು" ಎಂದೆ. "ನೀನು ಹೇಳಿದ್ದಲ್ವಾ, ತಿದ್ದೋದು ಬೇಡ ಅಂತ ಸುಮ್ಮನಾದೆ."

"ಮೂವತ್ತು ವರ್ಷದಲ್ಲಿ ಒಂದೇ ಒಂದ್ಸಲ ಸುಮ್ಮನಾದ್ರಿ. ಅದೂ ಕದ್ದು ಕೇಳೋಕೆ."

(ಇಪ್ಪತ್ತೆಂಟು ವರ್ಷ. ನಾಲಿಗೆ ಕಚ್ಚಿಕೊಂಡೆ.)

ಭಾನುವಾರ ಮಗಳು ಬಂದಳು. ತಾಯಿ ಮಗಳು ಸೇರಿ ನೀರನ್ನು ಬಕೆಟ್ಟಿಗೆ ಮೊಗೆದು, ಮೀನುಗಳನ್ನು ಪಾತ್ರೆಗೆ ಹಾಕಿ, ತೊಟ್ಟಿ, ಕಪಾಟು, ಫಿಲ್ಟರು ಎಲ್ಲವನ್ನೂ ಹಿಂದಿನ ಕೋಣೆಗೆ ಸಾಗಿಸಿದರು. ನಾನು ಕೈ ಹಾಕಲು ಹೋದರೆ ಮಗಳು ತಡೆದಳು.

"ಕದ್ದು ಕೇಳೋ ಬದಲು ಹೋಗಿ ತಪ್ಪಾಯ್ತು ಅನ್ನೋಕೆ ಏನಾಗಿತ್ತಪ್ಪ ನಿಮಗೆ?"

"ಸಮಯ ನಾಲ್ಕೂ ಇಪ್ಪತ್ತೇ ಆಗಿತ್ತು" ಎಂದೆ.

ಮಗಳು ಹಣೆ ಒತ್ತಿಕೊಂಡು ಬಕೆಟ್ಟು ಎತ್ತಿಕೊಂಡು ಹೋದಳು.

ಈಗ ಹಿಂದಿನ ಕೋಣೆಯ ಬಾಗಿಲಿಗೆ ಎರಡು ಹೊತ್ತೂ ಒಳಗಿನಿಂದ ಚಿಲಕ. ದಪ್ಪ ಬಾಗಿಲು, ಏನೂ ಕೇಳಿಸುವುದಿಲ್ಲ. ಆದರೆ ಫಿಲ್ಟರು ತೊಳೆಯಲೇಬೇಕು, ತೊಳೆಯುವುದು ಗೊತ್ತಿರುವುದು ನನಗೊಬ್ಬನಿಗೆ. ಎರಡು ವಾರ ಕಳೆದು ಶನಿವಾರ ಬಂತು. ಬಕೆಟ್ಟು ಹಿಡಿದು ಹೋಗಿ ಬಾಗಿಲು ತಟ್ಟಿದೆ.

"ಯಾರು?"

"ನಾನು" ಎಂದೆ.

ಬಾಗಿಲು ತೆರೆಯಲಿಲ್ಲ. ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮತ್ತೊಮ್ಮೆ ತಟ್ಟಿದೆ.

"ಯಾರು?"

ಬಕೆಟ್ಟನ್ನು ನೆಲಕ್ಕಿಟ್ಟೆ.

"ಫಿಲ್ಟರ್‌ನವರು" ಎಂದೆ. ಚಿಲಕ ತೆಗೆದಳು.